ಟೀಚರ್ ಪಟ್ಟಿಗೆ ಬಂದ ಹಳದಿ ಪುಟ

ಆಯುಧಪೂಜೆಗೆ ಕಂಪ್ಯೂಟರಿನ ಧೂಳು ಒರೆಸಿದರೆ ಸಾಲದು, ಒಳಗಿನ ಕಸವೂ ಹೋಗಬೇಕು ಎನ್ನುವುದು ಮಣಿಪಾಲದಲ್ಲಿ ವೆಬ್‌ಸೈಟ್ ಮಾಡಿಕೊಡುವ ನಮ್ಮ ಆಫೀಸಿನ ಶಾಸ್ತ್ರ. ಬ್ರಾಡ್‌ಬ್ಯಾಂಡ್ ಬಂದು ಎರಡು ವರ್ಷ ಆಗಿತ್ತಷ್ಟೆ. ಜೆರಾಕ್ಸ್ ಅಂಗಡಿಯ ಮೇಲೆ ಎರಡು ಕೋಣೆ, ಆಫೀಸಿನ ಯಜಮಾನರು ಮತ್ತು ಕೆಲಸಕ್ಕೆ ನಾನು. ಆ ವರ್ಷ ಮಾನಿಟರಿಗೆ ಗಂಧ, ಕುಂಕುಮ, ಸೇವಂತಿಗೆ ಇಡುವ ಮೊದಲು ನಾನು ಸೈಟುಗಳನ್ನು ಇಟ್ಟಿದ್ದ ಬಾಡಿಗೆಯ ಸರ್ವರನ್ನೂ ಬಿಡದೆ ಗುಡಿಸಿದೆ. ಬೇಡದ ಫೋಲ್ಡರುಗಳನ್ನೆಲ್ಲ ಅಳಿಸಿ ಭಾರೀ ಹಾಯೆನಿಸಿತ್ತು.

ಹಬ್ಬ ಮುಗಿದು ಆಫೀಸು ತೆರೆದ ಬೆಳಿಗ್ಗೆ ಕಾರ್ಕಳದಿಂದ ಫೋನ್. ಅಲ್ಲಿನ ನಿವೃತ್ತ ಟೀಚರೊಬ್ಬರು ರಕ್ತ ಕೊಡುವವರ ಪಟ್ಟಿಯನ್ನು ವರ್ಷಗಟ್ಟಲೆ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದರು. ಅದನ್ನು ವೆಬ್‌ಸೈಟಿಗೆ ಏರಿಸಿಕೊಟ್ಟವಳು ನಾನು. ಅಡ್ಮಿನ್ ಪುಟಕ್ಕೆ ಲಾಗಿನ್ ಆಗಿ ರಕ್ತದ ಗುಂಪು ಆರಿಸಿದರೆ ಅವರಿಗೆ ಹೆಸರು, ನಂಬರು ಕಾಣಬೇಕು.

“ಎಂತ ಮಾರಾಯ್ತಿ ಇದು, ಲಾಗಿನ್ನೇ ಬರುವುದಿಲ್ಲ, ಒಂದು ಹಳದಿ ಪುಟ ಬರ್ತಾ ಉಂಟು! ಇಲ್ಲಿ ಆಸ್ಪತ್ರೆಯಲ್ಲಿ ಬಜಗೋಳಿಯ ಹುಡುಗಿ, ಈಗಷ್ಟೇ ಹೆರಿಗೆಯಾದದ್ದು. ರಕ್ತ ನಿಲ್ಲುತ್ತಾ ಇಲ್ಲ. ಓ ನೆಗೆಟಿವ್ ಬೇಕು.”

“ಐದು ನಿಮಿಷ ಟೀಚರ್” ಅಂದೆ.

ಟೆಂಪ್ಲೇಟ್ ಇಲ್ಲ ಅಂತ ಹಳದಿ ಪುಟದ ದೂರು. ಅಂದರೆ ಲಾಗಿನ್ ಪುಟದ ಅಚ್ಚೇ ಸರ್ವರಿಗೆ ಸಿಗುತ್ತಿಲ್ಲ. ನನ್ನ ಕಂಪ್ಯೂಟರಿನಲ್ಲಿದ್ದ ಅದೇ ಸೈಟಿನ ಪ್ರತಿ ಚಂದ ತೆರೆಯುತ್ತಿತ್ತು! ಸೆಟ್ಟಿಂಗ್ಸ್ ನೋಡಿದೆ, ಎಲ್ಲ ಸರಿ ಉಂಟು. ಸರ್ವರನ್ನು ರೀಸ್ಟಾರ್ಟ್ ಮಾಡಿದೆ. ಮತ್ತೆ ಅದೇ ಹಳದಿ. ನನಗೆ ಸಿಟ್ಟು ನೆತ್ತಿಗೇರಿತು. “ಸ್ವಲ್ಪ ಚಾ ಕುಡೀರಿ” ಅಂದ ಯಜಮಾನರಿಗೆ “ನೀವು ಸ್ವಲ್ಪ ಸುಮ್ಮನಿರಿ” ಅಂತ ಗದರಿಬಿಟ್ಟೆ. ಪಾಪ, ಚಾ ಹಿಡಿದುಕೊಂಡೇ ಆಚೆ ಕೋಣೆಗೆ ಹೋದರು.

ಐದು ನಿಮಿಷ ಅರ್ಧ ಗಂಟೆಯಾಯಿತು. ಟೀಚರ್ ಮೂರನೇ ಸಲ ಫೋನ್ ಮಾಡಿದಾಗ ನಾನು ಟೆಂಪ್ಲೇಟು, ಪಾತ್ ಅಂತ ಶುರುಮಾಡಿದೆ. ಅವರು ನಡುವೆಯೇ ತಡೆದರು.

“ನನ್ನ ಹೆಸರುಗಳು ಹೋದವಾ, ಉಂಟಾ? ಅಷ್ಟು ಹೇಳು.”

“ಅದೆಲ್ಲ ಉಂಟು ಟೀಚರ್. ಡೇಟಾಬೇಸಿಗೆ ಏನೂ ಆಗಿಲ್ಲ. ತೋರಿಸುವ ಪುಟ ಮಾತ್ರ...”

“ಮತ್ತೆ ನೀನೇ ನೋಡಿ ಓದಬಾರದಾ?”

ಅಯ್ಯೋ ದೇವರೇ! ಡೇಟಾಬೇಸನ್ನು ನೇರ ಕೇಳಿದರೆ ಒಂದು ಸಾಲಿನ ಕೆಲಸ. ಅಲ್ಲಿ ಒಬ್ಬಳ ಜೀವ ಹೋಗುವಾಗ ನಾನು ಪುಟದ ಚಂದ ರಿಪೇರಿ ಮಾಡುತ್ತಾ ಕೂತಿದ್ದೆ. ಮೂರು ಹೆಸರು ಬಂದವು, ನಾನೇ ಫೋನ್ ಮಾಡಿದೆ. ಒಬ್ಬರು ದುಬಾಯಿಯಲ್ಲಿದ್ದರು. ಹಿರಿಯಡ್ಕದವರು ಫೋನ್ ಎತ್ತಲಿಲ್ಲ. ಮೂರನೆಯವರು ಕಾಪುವಿನಲ್ಲಿ ಗಾರೆ ಕೆಲಸಕ್ಕಿದ್ದ ಬಾಗಲಕೋಟೆ ಕಡೆಯವರು. “ಈಗ ಹೊಂಟೆ ನೋಡ್ರಿ” ಅಂದವರೇ, ಸಿಮೆಂಟಿನ ಕೈ ತೊಳೆದು ಮೇಸ್ತ್ರಿಯ ಬೈಕಿನಲ್ಲಿ ಕಾರ್ಕಳ ಮುಟ್ಟಿದರು.

ಮಧ್ಯಾಹ್ನ ಟೀಚರ್ ಫೋನ್ ಮಾಡಿ ತಾಯಿ, ಮಗು ಇಬ್ಬರೂ ಹುಷಾರು ಅಂದಾಗ ಅತ್ತೇಬಿಟ್ಟೆ. ಯಜಮಾನರು ಮತ್ತೆ ಚಾ ತಂದಿಟ್ಟರು. ಕುಡಿದು, ಹಳದಿ ಪುಟವನ್ನು ಮೊದಲ ಬಾರಿಗೆ ಕೊನೆಯವರೆಗೂ ಓದಿದೆ. ಎಲ್ಲೆಲ್ಲಿ ಹುಡುಕಿದೆನೆಂದು ಅದು ಸಾಲಾಗಿ ಬರೆದಿತ್ತು. ಕೊನೆಯ ಜಾಗಕ್ಕೆ ಹೋಗಿ ನೋಡಿದರೆ ಫೋಲ್ಡರೇ ಇಲ್ಲ. ಟೆಂಪ್ಲೇಟ್ಸ್ ಅಂತ ನಮ್ಮದೊಂದು ಫೋಲ್ಡರು, ಸೈಟು ಕಟ್ಟಲು ಬಳಸಿದ ಫ್ರೇಮ್‌ವರ್ಕಿನೊಳಗೆ ಅದೇ ಹೆಸರಿನ ಇನ್ನೊಂದು. ಎರಡನೆಯದು ಹಳೆಯ ನಕಲು ಅಂದುಕೊಂಡು ಹಬ್ಬಕ್ಕೆ ಗುಡಿಸಿ ಹಾಕಿದವಳು ನಾನೇ! ನನ್ನ ಕಂಪ್ಯೂಟರಿನಿಂದ ಕಾಪಿ ಮಾಡಿ ಹಾಕಿದೆ, ಪುಟ ಬಂತು.

ಸರ್ವರ್ ಹಾಳಾಗಿತ್ತು ಅಂದರೆ ಯಾರು ಕೇಳುತ್ತಾರೆ? ಆದರೂ ಸುಳ್ಳು ಹೇಳಲು ಮನಸ್ಸು ಬರಲಿಲ್ಲ. “ಟೀಚರ್, ತಪ್ಪು ನನ್ನದೇ” ಅಂತ ಫೋನಿನಲ್ಲಿ ಎಲ್ಲ ಹೇಳಿ, ಬೈಗುಳಕ್ಕೆ ಕಾದೆ. ಆ ಕಡೆ ಕೀಬೋರ್ಡಿನ ಸದ್ದು.

“ಪುಟ ಬಂತು. ಸರಿಯಾಯ್ತಾ ಅಂತ ಒಂದು ಹೆಸರು ಸೇರಿಸಿ ನೋಡುವ. ನಿನ್ನದು ಹಾಕಿದ್ದೇನೆ. ಗುಂಪು ಯಾವುದು, ಹೇಳು.”

ಅಷ್ಟೂ ಜನರ ಗುಂಪನ್ನು ಕೈಯಾರೆ ಟೈಪ್ ಮಾಡಿದವಳಿಗೆ ತನ್ನದು ಗೊತ್ತಿರಲಿಲ್ಲ.

“ನಾಳೆ ಹೇಳ್ತೇನೆ ಟೀಚರ್.”

“ಲ್ಯಾಬು ಇವತ್ತು ಏಳು ಗಂಟೆಯವರೆಗೆ ಉಂಟು” ಅಂದರು. ನಾನು ಬ್ಯಾಗು ತೆಗೆದುಕೊಂಡು ಹೊರಟೆ.