ಇಪ್ಪತ್ತು ಎಣಿಸುವ ತನಕ

ನಮ್ಮೂರ ಮೆಕ್ಯಾನಿಕ್ಕರ ಬಲ ಅಂಗೈಯ ಗೆರೆಗಳು ಕಪ್ಪು ಶಾಯಿಯಲ್ಲಿ ಬರೆದ ಹಾಗಿದ್ದವು. ಎಷ್ಟೋ ವರ್ಷಗಳ ಆಯಿಲ್ ಚರ್ಮದೊಳಗೆ ಇಳಿದು ಕೂತಿತ್ತು. ಸೋಪು ಹಾಕಿ ತಿಕ್ಕಿದರೂ ಹೋಗುತ್ತಿರಲಿಲ್ಲ. ಯಾರಾದರೂ ಆ ಕೈ ನೋಡಿ ನಕ್ಕರೆ, "ಗ್ರೀಸ್ ಹಚ್ಚಿದ ಕೈ ಕಣ್ರೀ, ಶನಿ ಹಿಡ್ಕಂಡ್ರೂ ಜಾರ್ತಾನೆ" ಎನ್ನುತ್ತಿದ್ದರು.

ಹೊಳಲ್ಕೆರೆ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಅವರ ರಿಪೇರಿ ಅಂಗಡಿ. ತೋಟಕ್ಕೆ ಔಷಧಿ ಹೊಡೆಯುವ ಪಂಪು, ಹುಲ್ಲು ಕತ್ತರಿಸುವ ಯಂತ್ರ, ಮರ ಕೊಯ್ಯುವ ಮಷಿನ್ ಎಲ್ಲವೂ ಅಲ್ಲಿಗೆ ಬರುತ್ತಿದ್ದವು. ಯಾವ ಮಷಿನ್ ಬಂದರೂ ಅವರು ಮೊದಲು ಅದರ ಮೈಮೇಲೆ ಅಂಗೈ ಇಡುತ್ತಿದ್ದರು, ಡಾಕ್ಟರು ಮಗುವಿನ ಹಣೆ ಮುಟ್ಟಿದ ಹಾಗೆ. ಆಮೇಲೆಯೇ ಮಾತು. ಮರ ಕೊಯ್ಯುವ ಮಷಿನ್ನಿನ ಚೈನಿನ ಹಲ್ಲುಗಳಿಗೆ ಅರ ಹಾಕಿ ಹರಿತ ಮಾಡುವಾಗ ಮಾತ್ರ ಯಾರೊಂದಿಗೂ ಮಾತಿಲ್ಲ. ಒಂದೊಂದು ಹಲ್ಲಿಗೂ ಮೂರೇ ಎಳೆತ. ಹೆಚ್ಚಿಲ್ಲ, ಕಡಿಮೆಯಿಲ್ಲ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಸೀಟಿ ಊದಿ ಮಕ್ಕಳನ್ನು ಸಾಲು ನಿಲ್ಲಿಸಿದ ನನಗೆ ಆ ಶಿಸ್ತು ಬಹಳ ಹಿಡಿಸಿತು.

ನಾನು ನಿವೃತ್ತನಾದರೂ ದಿನಚರಿ ನಿವೃತ್ತವಾಗಲಿಲ್ಲ. ಐದಕ್ಕೆ ಏಳುವುದು, ಐದೂವರೆಗೆ ಬಚ್ಚಲ ಒಲೆ ಹೊತ್ತಿಸುವುದು, ಆರಕ್ಕೆ ಹಂಡೆ ನೀರಿನ ಸ್ನಾನ. ನಮ್ಮಲ್ಲಿ ಸೌದೆ ಒಡೆಯುತ್ತಿದ್ದವರು ಸೊಂಟನೋವೆಂದು ಕೊಡಲಿ ಕೆಳಗಿಟ್ಟ ವರ್ಷವೇ ಹಿತ್ತಲಿನ ಬೇವಿನ ಮರ ಗಾಳಿಗೆ ಉರುಳಿತು. ಹಳೆಯದೊಂದು ಮಷಿನ್ ಕೊಂಡು ನಾನೇ ಕೊಯ್ಯುತ್ತೇನೆ ಎಂದೆ.

"ಅರವತ್ತೇಳು ತುಂಬಿದ ಮೇಲೆ ಬೆರಳು ಕಳ್ಕೊಳ್ಳೋ ಹುಚ್ಚು ಯಾಕ್ರೀ? ಗೀಸರ್ ಹಾಕ್ಸಿ, ಮುಗೀತು" ಎಂದಳು ಹೆಂಡತಿ. ಎರಡು ದಿನ ವಾದ ನಡೆಯಿತು. ಕೊನೆಗೆ ಅವಳೇ ತೀರ್ಪು ಕೊಟ್ಟಳು: "ಆ ಮೆಕ್ಯಾನಿಕ್ ಹೂಂ ಅಂದ್ರೆ ತಗಳ್ರಿ. ಉಹೂಂ ಅಂದ್ರೆ ಇಲ್ಲ."

ಹೀಗೆ ನನ್ನ ಬೆರಳುಗಳ ಹೊಣೆ ಅವರ ಮೇಲೆ ಬಿತ್ತು.

ಭೀಮಸಮುದ್ರದಲ್ಲಿ ಒಬ್ಬ ಅಡಿಕೆ ಸಾಹುಕಾರರು ಮಷಿನ್ ಮಾರುತ್ತಾರೆಂದು ಸುದ್ದಿ ಬಂತು. ನಾನೂ ಮೆಕ್ಯಾನಿಕ್ಕರೂ ಅವರ ಟಿವಿಎಸ್ ಮೇಲೆ ಹೋದೆವು. ಕೆಂಪು ಬಣ್ಣದ ದೊಡ್ಡ ಮಷಿನ್, ಒರೆಸಿ ಹೊಳಪು ಮಾಡಿಟ್ಟಿದ್ದರು. ಹಗ್ಗ ಒಮ್ಮೆ ಎಳೆದದ್ದೇ ತಡ, ಗರ್ ಎಂದು ಎದ್ದಿತು. ನನಗೆ ಅಲ್ಲೇ ಮನಸ್ಸಾಯಿತು. ಮೆಕ್ಯಾನಿಕ್ಕರು ಅದನ್ನು ನಿಲ್ಲಿಸಿ, ನನ್ನ ಕೈ ಹಿಡಿದು ಪಕ್ಕಕ್ಕೆ ಎಳೆದರು.

"ನಾವು ಬಂದಾಗ್ಲೇ ಮೈ ಬೆಚ್ಚಗಿತ್ತು ಮೇಷ್ಟ್ರೇ. ನಾ ಮುಟ್ಟಿ ನೋಡ್ದೆ. ನಾವು ಬರಾಕೆ ಮುಂಚೆ ಯಾರೋ ಎಬ್ಬಿಸಿ ಇಟ್ಟಾರೆ."

"ಅದಕ್ಕೇನೀಗ?"

"ಬಿಸಿ ಇದ್ದಾಗ ಮುದುಕನೂ ಓಡ್ತಾನೆ. ತಣ್ಣಗಾದ್ಮೇಲೆ ಏಳ್ಬೇಕು, ಅದು ಮಷಿನ್ನು."

ಹಾಗೆಂದು ಅಲ್ಲಿಂದ ಹೊರಡಲೂ ಇಲ್ಲ. "ಸಾಹುಕಾರ್ರೇ, ಕಾಫಿ ಕುಡ್ಸಂಗಿಲ್ವಾ?" ಎಂದು ಜಗಲಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. ಕೆರೆ ನೀರು, ಕೊಳೆರೋಗ, ಯಾರದೋ ಮಗಳ ಮದುವೆ. ನಾನು ಗಡಿಯಾರ ನೋಡುತ್ತ ಕುದಿಯುತ್ತಿದ್ದೆ. "ಕುಂತ್ಕಳ್ರಿ ಮೇಷ್ಟ್ರೇ, ಬೆಲ್ ಹೊಡೆಯೋರು ಯಾರೂ ಇಲ್ಲ ಇಲ್ಲಿ" ಎಂದರು. ಒಂದೂಕಾಲು ಗಂಟೆಯ ಮೇಲೆ ಎದ್ದು ಮಷಿನ್ ಮುಟ್ಟಿ, "ಈಗ ಎಬ್ಬಿಸ್ರಿ" ಎಂದರು. ಸಾಹುಕಾರರು ಹಗ್ಗ ಎಳೆದರು, ಎಳೆದರು, ಶಲ್ಯ ತೆಗೆದಿಟ್ಟು ಮತ್ತೆ ಎಳೆದರು. ಮಷಿನ್ ಕೆಮ್ಮಲೂ ಇಲ್ಲ.

"ಎರಡು ಲೋಟ ಕಾಫಿ ಕುಡಿದು ನನ್ನ ಮರ್ಯಾದೆ ತೆಗೆದ್ಯಲ್ಲೋ ಮಾರಾಯ!" ಎಂದು ಸಾಹುಕಾರರೇ ನಕ್ಕುಬಿಟ್ಟರು.

"ಮರ್ಯಾದೆ ಎಲ್ಲೂ ಹೋಗಿಲ್ರೀ. ಕಾರ್ಬೊರೇಟರ್ ತಗಂಡು ಅಂಗಡಿಗೆ ಬರ್ರಿ, ಸರಿ ಮಾಡಿಕೊಡ್ತೀನಿ."

ಮರುವಾರ ಅಂಗಡಿಯಲ್ಲಿ ಎರಡು ಮಷಿನ್ ಮುಂದಿಟ್ಟರು. ಎರಡೂ ತಣ್ಣಗಿದ್ದವು. ಒಂದು ದೊಡ್ಡದು. ಇನ್ನೊಂದು ಬಣ್ಣ ಹೋದ ಸಣ್ಣ ಮಷಿನ್. ನಾನು ದೊಡ್ಡದಕ್ಕೆ ಕೈ ಹಾಕಿದೆ.

"ಎರಡೂ ಕೈ ಮುಂದೆ ಚಾಚಿ ಹಿಡ್ಕಳ್ರಿ. ನಾನು ಇಪ್ಪತ್ತು ಎಣಿಸೋ ತನಕ ಅಳ್ಳಾಡಬಾರ್ದು. ಎಷ್ಟು ಹುಡುಗರನ್ನ ಹಿಂಗೆ ಬಿಸಿಲಾಗೆ ನಿಲ್ಲಿಸೀರಿ, ಈಗ ನಿಮ್ಮ ಪಾಳಿ."

ಚಹಾದಂಗಡಿಯವರು ನೋಡಲು ಬಂದು ನಿಂತರು. ಮೆಕ್ಯಾನಿಕ್ಕರು ಕಣದಲ್ಲಿ ರಾಗಿ ಅಳೆಯುವವರ ಹಾಗೆ, ಒಂದು ಎನ್ನದೆ, "ಲಾಭ" ಎಂದು ಶುರು ಮಾಡಿದರು. "ಲಾಭ... ಎರಡು... ಮೂರು..." ಹನ್ನೊಂದಕ್ಕೆ ದೊಡ್ಡ ಮಷಿನ್ನಿನ ಮೂತಿ ನಡುಗಿತು. "ಇಳಿಸ್ರಿ" ಎಂದರು. ಸಣ್ಣದಕ್ಕೆ ಇಪ್ಪತ್ತೂ ಆಯಿತು.

"ಮರ ನೋಡಿ ಮಷಿನ್ ತಗಬಾರ್ದು ಮೇಷ್ಟ್ರೇ. ತೋಳು ನೋಡಿ ತಗಬೇಕು. ಮರ ಕಾಯ್ತೈತೆ."

ಆಮೇಲೆ ಆ ಸಣ್ಣದನ್ನು ಪರೀಕ್ಷಿಸಿದರು. ಎಳೆಯುವ ಹಗ್ಗದ ಹಿಡಿಯನ್ನು ಹಿಡಿದು ಮಷಿನ್ ತೂಗಿಬಿಟ್ಟರು. ಅದು ದೊಪ್ಪನೆ ಬೀಳದೆ ತಡೆದು ತಡೆದು ಇಳಿಯಿತು. "ಎದೆ ಗಟ್ಟಿ ಐತೆ, ಇಂಜಿನ್ನಿನಾಗೆ ಒತ್ತಡ ಚೆನ್ನಾಗೈತೆ" ಎಂದರು. ಚಾಲೂ ಮಾಡಿ, ಆಕ್ಸಿಲರೇಟರ್ ಒತ್ತದಿದ್ದಾಗ ಚೈನ್ ತಾನೇ ತಿರುಗುತ್ತದೆಯೇ ನೋಡಿದರು. ತಿರುಗಲಿಲ್ಲ. ಕೊನೆಗೆ ಒಂದು ಜಾಲಿ ತುಂಡು ಕೊಯ್ದು, ಕೆಳಗೆ ಬಿದ್ದ ಮರದ ಹೊಟ್ಟನ್ನು ಹಿಡಿಯಲ್ಲಿ ತೆಗೆದು ನನಗೆ ತೋರಿಸಿದರು. "ಅವಲಕ್ಕಿ ಬೀಳಬೇಕು, ಹಿಟ್ಟು ಬೀಳಬಾರ್ದು. ಹಿಟ್ಟು ಬಿದ್ದ ದಿನ ಹಲ್ಲು ಮೊಂಡಾಗೈತೆ ಅಂತ ತಿಳ್ಕಳ್ರಿ, ಜೋರು ಮಾಡಿ ಒತ್ತಬ್ಯಾಡ್ರಿ, ಇಲ್ಲಿಗೆ ಬರ್ರಿ."

ಕೊಡುವ ಮುಂಚೆ ಒಂದು ಷರತ್ತು ಹಾಕಿದರು. ಪ್ರತಿ ಆಯುಧಪೂಜೆಗೆ ಮಷಿನ್ ತಂದು ಅವರ ಮುಂದೆ ಇಪ್ಪತ್ತರ ತನಕ ಹಿಡಿಯಬೇಕು. ಕೈ ನಡುಗಿದ ವರ್ಷ ಮಷಿನ್ ಅಲ್ಲೇ ಬಿಟ್ಟು ಹೋಗಬೇಕು. "ಅಮ್ಮಾರಿಗೆ ಮಾತು ಕೊಟ್ಟೀನಿ" ಎಂದರು. ನನ್ನ ಹೆಂಡತಿ ಯಾವಾಗ ಅವರಲ್ಲಿಗೆ ಹೋಗಿದ್ದಳೋ ನನಗೆ ಇಂದಿಗೂ ಗೊತ್ತಿಲ್ಲ.

ನಾಲ್ಕು ವರ್ಷ ಹಾಗೇ ನಡೆಯಿತು. ವಿಭೂತಿ ಬಳಿದು, ಚೆಂಡುಹೂ ಮುಡಿಸಿದ ಮಷಿನ್‌ಗಳ ಸಾಲು. ಕುಂಬಳಕಾಯಿ ಒಡೆದಾದ ಮೇಲೆ, "ಬರ್ರಿ ಪೀಟಿ ಮೇಷ್ಟ್ರೇ, ಹಾಜರಿ!" ಎಂಬ ಕೂಗು. ಓಣಿಯೆಲ್ಲ ಸೇರಿ ಎಣಿಸುತ್ತಿತ್ತು. ಇಪ್ಪತ್ತಾದ ಮೇಲೆ ಅವರು ನನ್ನ ಭುಜ ತಟ್ಟಿದ ಗುರುತು ಪ್ರತಿ ವರ್ಷ ಬಿಳಿ ಅಂಗಿಯ ಮೇಲೆ ಉಳಿಯುತ್ತಿತ್ತು. ಬೈಯುತ್ತ ಒಗೆಯುತ್ತಿದ್ದಳು ಹೆಂಡತಿ.

ಕಳೆದ ಬೇಸಿಗೆಯಲ್ಲಿ ಎದೆನೋವೆಂದು ದುರ್ಗದ ಆಸ್ಪತ್ರೆಗೆ ಹೋದ ಮೆಕ್ಯಾನಿಕ್ಕರು ಜೀವಂತವಾಗಿ ಮರಳಲಿಲ್ಲ. ಮಣ್ಣಿಗೆ ಹೋದಾಗ ಆ ಬಲಗೈ ನೋಡಿದೆ. ಸ್ನಾನ ಮಾಡಿಸಿದ್ದರೂ ಗೆರೆಗಳು ಹಾಗೇ ಕಪ್ಪಗಿದ್ದವು.

ಈ ಆಯುಧಪೂಜೆಗೆ ಹಾಜರಿ ತೆಗೆದುಕೊಳ್ಳುವವರಿಲ್ಲ. ಆದರೆ ಮಾತು ಮಾತೇ. ಹಿತ್ತಲಲ್ಲಿ ಮಷಿನ್ ಹಿಡಿದು ನಿಂತು ಹೆಂಡತಿಗೆ ಎಣಿಸಲು ಹೇಳಿದೆ. ಅವಳೂ "ಲಾಭ" ಎಂದೇ ಶುರು ಮಾಡಿದಳು. ಹದಿನಾಲ್ಕಕ್ಕೆ ಮೂತಿ ನಡುಗಿತು. ನಾನು ನೋಡಿದೆ. ಅವಳೂ ನೋಡಿದಳು. ಆದರೂ ನಿಲ್ಲಿಸಲಿಲ್ಲ. ಹದಿನೈದು, ಹದಿನಾರು ಎಂದು ಬೇಗ ಬೇಗ ಎಣಿಸಿ ಇಪ್ಪತ್ತಕ್ಕೆ ತಂದು, "ಆಯ್ತು ಬಿಡ್ರಿ, ಪಾಸು" ಎಂದಳು. ಐದು ವರ್ಷ ಬೇಡ ಬೇಡ ಎಂದವಳು.

ಮರುದಿನ ಬೆಳಗ್ಗೆ ಮಷಿನ್ ಹೊತ್ತು ಅಂಗಡಿಗೆ ಹೋದೆ. ಈಗ ಅಲ್ಲಿ ಅವರ ಮಗಳು ಕೂರುತ್ತಾಳೆ. ನಾನು ಬೆಂಚಿನ ಮೇಲೆ ಇಟ್ಟು, "ಹದಿನಾಲ್ಕು, ತಾಯಿ" ಎಂದೆ. ಅಪ್ಪನ ಷರತ್ತು ಅವಳಿಗೆ ಗೊತ್ತಿತ್ತು. ಮಷಿನ್ ಮೇಲೆ ಅಂಗೈ ಇಟ್ಟಳು. ಇಟ್ಟವಳು ನನ್ನ ಮುಖ ನೋಡಿದಳು.

"ಬೆಚ್ಚಗೈತಲ್ಲ ಮೇಷ್ಟ್ರೇ?"

"ಬರೋ ಮುಂಚೆ ಒಂದೇ ತುಂಡು ಕೊಯ್ದೆ" ಎಂದೆ. "ಅವಲಕ್ಕಿನೇ ಬಿತ್ತು."