ಬಾಯಿ ಮುಚ್ಚಿ ನಗೂದು

“ಬಾಯಿ ತೆಗಿ” ಅಂದ ಮುದುಕ.

ತೆಗದೆ.

“ಇನ್ನಷ್ಟು ತೆಗಿ. ಮೂರು ಬಟ್ಟು ಹೋಗ್ಬೇಕು.” ಮೂರು ಬೆರಳು ಎತ್ತಿ ತೋರಿಸಿ, ಮೊಬೈಲಿನ ಬ್ಯಾಟರಿ ಹಚ್ಚಿ ನನ್ನ ಬಾಯಾಗ ಬೆಳಕು ಬಿಟ್ಟ.

ಇದು ಹಲ್ಲಿನ ದವಾಖಾನಿ ಅಲ್ರಿ. ಮಾನ್ವ್ಯಾಗ ನಮ್ಮವ್ವನ ಬಾಡಿಗಿ ಮನಿ. ನನ್ನ ತಂಗಿ ಮಲ್ಲಿನ್ನ ನೋಡಾಕ ಸಿರವಾರದಿಂದ ಗಂಡಿನ ಕಡೆಯೋರು ಬಂದಿದ್ರು. ಮುದುಕ ಆ ಹುಡುಗನ ಕಾಕಾ. ನೋಡಬೇಕಾದ ಕನ್ಯಾ ಬಾಜೂಕ ಕುಂತದ, ಇಂವ ನನ್ನ ದವಡಿ ನೋಡಾಕತ್ತಾನ.

ಇಲ್ಲೀತನ ಹೆಂಗ ಬಂತು ಅಂದ್ರ, ಸುತ್ತಿ ಬಳಸಿ ಹೇಳಾಕ ನನಗ ಬರಂಗಿಲ್ಲ, ಸೀದಾ ಹೇಳ್ತೀನಿ. ನಾನು ಹುಟ್ಟಿದಾಗ ಹೆಣ್ಣು ಅಂತ ಬರಸಿದ್ರು. ಅದು ತಪ್ಪಿತ್ತು.

ಆವಾಗ ದೇವದುರ್ಗದಾಗ ಇದ್ವಿ. ಅಪ್ಪ ನಾವು ಸಣ್ಣೋರಿದ್ದಾಗನ ಹೋದ. ಮನ್ಯಾಗ ಅವ್ವ, ನಾನು, ಮಲ್ಲಿ. ನಗೂದಕ್ಕ ಅವ್ವಂದು ಒಂದು ಕಾಯ್ದೆ ಇತ್ತು. ನಗು ಬಂದ್ರ ಬಲಗೈ ಬಾಯಿ ಮ್ಯಾಲ ಬರಬೇಕು. ಹಲ್ಲು ಕಾಣಬಾರದು. ಮರತ್ರ ತೊಡಿ ಚಿವುಟ್ತಿದ್ಲು. ಹಂಗಂತ ಮಂದಿ ಮನಿಗೆ ಬಂದಾಗ ನಗು ಇಲ್ದ ನಿಂದ್ರಂಗಿಲ್ಲ. “ಯಾಕ ಮಾರಿ ಗಡಿಗಿ ಮಾಡ್ಕೊಂಡಿ? ನಗು!” ಅಂತ ಕಣ್ಣಾಗ ಬೈತಿದ್ಲು. ಹೆಣ್ಣುಮಕ್ಕಳ ಮಾರಿ ಅಂದ್ರ ಕಿರಾಣಿ ಅಂಗಡಿ ಬಲ್ಬು ಇದ್ದಂಗ. ಒಳಗ ಸಾಮಾನು ಇರ್ಲಿ ಬಿಡ್ಲಿ, ಹತ್ತಿರಬೇಕು. ನಾನು ಹದಿನೆಂಟು ವರ್ಷ ಹತ್ತಿಕೊಂಡೇ ಇದ್ದೆ. ಮಾಸ್ತರ್ ಬೈದ್ರೂ ನಕ್ಕೆ. ಹೊಟ್ಟಿ ನೋವು ಬಂದ್ರೂ ನಕ್ಕೆ. “ಭಾಳ ನಗುಮಾರಿ ಹುಡುಗಿ” ಅಂತಿದ್ರು ಓಣ್ಯಾಗ. ಆ ಹುಡುಗಿ ಯಾರು ಅಂತ ನನಗ ಗುರುತಿರಲಿಲ್ಲ.

ನಗೋ ಹೆಂಗಸನ್ನ ನಂಬಬ್ಯಾಡ, ಅಳೋ ಗಂಡಸನ್ನ ನಂಬಬ್ಯಾಡ ಅಂತ ಒಂದು ಗಾದಿ ಅದಲ್ರಿ. ಎರಡೂ ಕಡೆ ನಿಂತು ನೋಡಿದಾಂವ ಹೇಳ್ತೀನಿ, ಆ ಗಾದಿ ಮಾಡಿದಾಂವನ್ನ ನಂಬಬ್ಯಾಡ್ರಿ.

ಹದಿನೆಂಟು ತುಂಬಿದ ಮ್ಯಾಲ ರಾಯಚೂರಿಗೆ ಬಂದೆ. ಕೂದ್ಲ ಕತ್ತರಿಸಿದೆ. ಡಾಕ್ಟರು ಹಾರ್ಮೋನ್ ಸೂಜಿ ಶುರು ಮಾಡಿದ್ರು. ದನಿ ಒಡೀತು. ಮೀಸಿ ಬಂತು, ಮೊದಲನೇ ವರ್ಷ ಎಂಟು ಕೂದ್ಲ. ಪಂಚರ್ ಅಂಗಡ್ಯಾಗ ಕೆಲಸ ಕೇಳಿದೆ. ಅಂಗಡಿ ಉಸ್ತಾದ ನನ್ನ ಆಧಾರ್ ಕಾರ್ಡ್ ನೋಡಿದ, ನನ್ನ ಮಾರಿ ನೋಡಿದ, ಕಾರ್ಡ್ ವಾಪಸ್ ಕೊಟ್ಟ. “ಜಾಕ್ ಹಚ್ಚಾಕ ಬರ್ತದೇನು?” ಅಂದ. ಅಷ್ಟ.

ಗಂಡಸರು ಹೆಂಗ ನಗ್ತಾರ ಅಂತ ಅಲ್ಲಿ ಕುಂತು ನೋಡಿದೆ. ನಗೂದ ಇಲ್ಲ ಅವರು. ಲಾರಿ ಡ್ರೈವರ್ ಬರ್ತಾನ, “ಹವಾ” ಅಂತಾನ, ಹಾಕಿಸ್ಕೊಂಡು ಹೋಗ್ತಾನ. ನಾನು ಹಳೇ ಚಟಕ್ಕ ಗಿರಾಕಿ ಬಂದ ಕೂಡ್ಲೇ ಬಲ್ಬು ಹತ್ತಸ್ತಿದ್ದೆ. ಉಸ್ತಾದ ಬೈದ. “ಹಲ್ಲು ಕಿಸೀಬ್ಯಾಡಲೇ! ಪಂಚರ್ ಮಾಡಾಂವ ನಕ್ರ, ರೋಡಿಗೆ ಮೊಳಿ ಇವನ ಒಗದಾನ ಅಂತಾರ.”

ಅವತ್ತಿಂದ ನಗು ಬಂದ್. ಹುಬ್ಬು ಗಂಟು, ತುಟಿ ಬಿಗಿ. ಗಿರಾಕಿ ಗಾಡಿ ಕನ್ನಡ್ಯಾಗ ದಿನಾ ಪ್ರಾಕ್ಟೀಸು. ನಕ್ರ ಎಲ್ಲಿ ಆ ನಗುಮಾರಿ ಹುಡುಗಿ ಹೊರಗ ಬಂದು ನಿಂತುಬಿಡ್ತಾಳೋ ಅಂತ ಒಳಗ ಅಂಜಿಕಿ. ಹಿಂಗ ಒಂದೆರಡು ತಿಂಗಳು ನಡೀತು. ಒಂದಿನ ಉಸ್ತಾದ ಟೈರಿನ ಹಿಂದ ಕರದು ಸಣ್ಣ ದನಿಲೆ ಕೇಳಿದ, “ಮೂಲವ್ಯಾಧಿ ಏನು? ನಾಚಬ್ಯಾಡಪಾ. ನನಗೂ ಇತ್ತು.”

ಮರುದಿನ ಮನಿಂದ ಅದಕ್ಕ ಔಷಧ ಅಂತ ಮೂಲಂಗಿ ತಂದ. ಎದುರು ನಿಂತು ತಿನ್ನಿಸಿದ. ಮರುದಿನ ಮತ್ತ ತಂದ. ಮೂರನೇ ದಿನ ಚೀಲದಾಗಿಂದ ಮೂಲಂಗಿ ಎಲಿ ಕಂಡ ಕೂಡ್ಲೇ ನನಗ ತಡ್ಕೊಳ್ಳಾಕ ಆಗಲಿಲ್ಲ. ಬಿದ್ದು ಬಿದ್ದು ನಕ್ಕೆ. ಯಾರೂ ನಗು ಅಂದಿರಲಿಲ್ಲ, ಯಾರ ಸಲುವಾಗೂ ಅಲ್ಲ, ನಗು ಬಂತು, ನಕ್ಕೆ. ಹುಟ್ಟಿದಾಗಿಂದ ಅದ ಮೊದಲು. ಆದ್ರ ಬಲಗೈ ತಾನಾಗೇ ಎದ್ದು ಬಾಯಿ ಮ್ಯಾಲ ಬಂದು ಕುಂತಿತ್ತು, ಗ್ರೀಸ್ ಸಮೇತ. ಸೂಜಿಗೆ ದನಿ ಬದಲಾತು, ಮಾರಿ ಬದಲಾತು. ಕೈಗೆ ಮಾತ್ರ ಸುದ್ದಿ ಮುಟ್ಟಿರಲಿಲ್ಲ. ಮೀಸಿ ಮುಚ್ಚಿಕೊಂಡು ನಗೋ ಗಂಡಸು ರಾಯಚೂರಾಗ ನಾನೊಬ್ಬನ ಇರಬೇಕು.

ಅಷ್ಟೊತ್ತಿಗೆ ಅವ್ವ ದೇವದುರ್ಗ ಬಿಟ್ಟು ಮಾನ್ವಿಗೆ ಬಂದಿದ್ಲು, ನನ್ನ ಬಗ್ಗೆ ಯಾರೂ ಕೇಳಬಾರದು ಅಂತ. ಇಲ್ಲೂ ದೇವದುರ್ಗದ ಗುರುತಿನ ಮಂದಿ ಸಿಕ್ಕು, ದೊಡ್ಡ ಮಗಳು ಎಲ್ಲಿ ಅಂತ ಕೇಳಿದ್ರು. ಅದಕ್ಕ ಒಂದು ಕತಿ ಕಟ್ಟಿದ್ಲು. ದೊಡ್ಡ ಮಗಳನ್ನ ಸೋಲಾಪುರಕ್ಕ ಕೊಟ್ಟೀವಿ ಅಂತ. ನಾನು ಮನಿಗೆ ಹೋದ್ರ “ಇಂವ ನಮ್ಮಕ್ಕನ ಮಗ” ಅಂತ. ನೋಡನೋಡದ್ರಾಗ ಸೋಲಾಪುರದಾಗ ನನಗ ಎರಡು ಗಂಡು ಹುಡುಗ್ರು ಆದ್ವು. ಎರಡನೇದು ಆಪರೇಷನ್ ಮಾಡಿ ತಗದ್ರಂತ. ಬಾಜೂ ಮನಿ ಚಿಕ್ಕವ್ವ ನನ್ನನ್ನ ಕೇಳಿದ್ಲು, “ನಿಮ್ಮ ಸೋಲಾಪುರದಕ್ಕ ಅರಾಮದಾಳೇನಪ್ಪ? ಹೊಲಿಗಿ ಮಾಯ್ದಾವ?”

“ಮಾಯ್ದಾವ್ರಿ” ಅಂದೆ.

ಈಗ ಹೇಳುಮುಂದ ನಗು ಬರ್ತದ. ಅವತ್ತು ರಾಯಚೂರು ಬರೂತನ ಬಸ್ಸಿನ ಕಿಟಕಿ ಕಡೆ ಮಾರಿ ಮಾಡಿ ಕುಂತಿದ್ದೆ.

ಮಲ್ಲಿಗೆ ಸಂಬಂಧ ಬಂದಾಗ ಅವ್ವ ಫೋನ್ ಮಾಡಿದ್ಲು. “ಮನ್ಯಾಗ ಗಂಡಸು ಅಂತ ಒಬ್ಬರು ಕುಂದರಬೇಕು, ಬಾ. ಅಕ್ಕನ ಮಗ ಅಂತ ಹೇಳೀನಿ. ಮಾತು ಕಡಿಮಿ ಆಡು. ನಗಬ್ಯಾಡ.” ಹುಡುಗ ಸಿರವಾರದಾಗ ಟ್ರ್ಯಾಕ್ಟರ್ ಮೆಕ್ಯಾನಿಕ್. ಮಲ್ಲಿಗೆ ಫೋಟೋದಾಗ ನೋಡೇ ಮನಸ್ಸಿಗೆ ಬಂದಿದ್ದ. ನನ್ನ ಸಲುವಾಗಿ ಇದು ಮುರೀಬಾರದು, ನನ್ನ ತಲ್ಯಾಗ ಅದೊಂದ.

ಚಾಪಿ ಮ್ಯಾಲ ಮೂಲವ್ಯಾಧಿ ಮಾರಿ ಹಾಕ್ಕೊಂಡು ಕುಂತೆ. ಮಂಡಕ್ಕಿ ಒಗ್ಗರಣಿ, ಮಿರ್ಚಿ ಭಜಿ ಬಂತು. ಹುಡುಗ ಮಲ್ಲಿನ್ನ ನೋಡಿಕೊಂತ ಮಿರ್ಚಿ ಕಡದ. ಒಳಗಿನ ಮೆಣಸಿನಕಾಯಿ ಭಾರಿ ಖಾರ ಇತ್ತು. ಮಾರಿ ಕೆಂಪಾತು. ನೀರು ಕೇಳಾಕ ನಾಚಿಕಿ. ಕಣ್ಣಾಗಿಂದ ದಳದಳ ಇಳೀತು. ಅವನ ಕಾಕಾ ಅದನ್ನ ನೋಡಿ ಎದಿ ಉಬ್ಬಿಸಿ ಅಂದ, “ಭಾಳ ಮೆತ್ತನ ಮನಸ್ಸಿನಾಂವ್ರಿ ನಮ್ಮ ಹುಡುಗ. ಕನ್ಯಾ ನೋಡಿ ಕಣ್ಣೀರು ಬಂತು ನೋಡ್ರಿ.”

ಮಲ್ಲಿ ಕೈ ಬಾಯಿಗೆ ಹೋತು. ನಂದೂ ಹೋತು.

ಕಾಕಾ ಮಲ್ಲಿನ್ನ ಬಿಟ್ಟು ನನ್ನ ನೋಡಿದ. “ತಮ್ಮಾ, ಗಂಡಸಾಗಿ ಬಾಯಿ ಯಾಕ ಮುಚ್ಚಿಕೊಂತಿ? ಗುಟ್ಕಾ ತಿಂತಿ, ಹೌದಿಲ್ಲ?”

“ಇಲ್ರಿ.”

“ತಿನ್ನೋರು ಎಲ್ಲಾರೂ ಇಲ್ರಿ ಅಂತಾರ. ಈ ಹುಡುಗನ ಅಪ್ಪನೂ ಹಂಗ ಅಂತಿದ್ದ. ಈಗ ಅವನ ಬಾಯಾಗ ಒಂದು ಬಟ್ಟು ಹೋಗಂಗಿಲ್ಲ. ಅಂಬಲಿ ಕುಡದು ಬದುಕ್ಯಾನ ನಮ್ಮಣ್ಣ. ಗುಟ್ಕಾ ಇರೋ ಮನಿ ಕೂಡ ನಾ ಬೀಗತನ ಮಾಡಂಗಿಲ್ಲ. ಬಾಯಿ ತೆಗಿ.”

ಅದ, ಮೊದಲು ಹೇಳಿದೆನಲ್ಲ, ಬ್ಯಾಟರಿ ಹಚ್ಚಿ ನೋಡಿದ. ಹಲ್ಲು ಬೆಳ್ಳಗ ಇದ್ವು. ಅದಕ್ಕ ಇನ್ನೂ ಸಂಶೆ ಹೆಚ್ಚಾತು. “ಏನೂ ಇಲ್ಲ. ಮತ್ತ್ಯಾಕ ಮುಚ್ಚಿದಿ?”

ನಾನು ಅವ್ವನ ಕಡೆ ನೋಡಿದೆ. ಅವ್ವ ಚಾದ ತಾಟು ಹಿಡಕೊಂಡು ಬಾಗಲದಾಗ ನಿಂತಿದ್ಲು. ಹಲ್ಲು ನೋವು ಅಂತಾಳ, ಇಲ್ಲಾ ಬಾಯಿ ಹುಣ್ಣು ಅಂತಾಳ ಅಂದ್ಕೊಂಡೆ. ಸೋಲಾಪುರದಾಗ ಬಾಣಂತನ ಮಾಡಿದಾಕಿಗೆ ಇದೇನು ದೊಡ್ಡದು?

ಅವ್ವ ತಾಟು ಕೆಳಗ ಇಟ್ಲು.

“ನಾನ ಕಲಿಸಿದ್ದುರಿ. ಇಂವ ಅಕ್ಕನ ಮಗ ಅಲ್ಲ, ನನ್ನ ಹೊಟ್ಟಿಲೆ ಹುಟ್ಟ್ಯಾನ. ಮಗಳು ಅಂತ ತಿಳದು ಬೆಳಸಿದೆ. ಬಾಯಿ ಮುಚ್ಚಿ ನಗು ಅಂತ ಚಿವುಟಿ ಚಿವುಟಿ ಕಲಿಸಿದೆ. ಇಂವ ಮಗ ಇದ್ದ, ನನಗ ತಿಳೀಲಿಲ್ಲ. ಅವನ ಬಾಯಾಗ ಏನೂ ಇಲ್ರಿ. ತಪ್ಪು ನಂದು.”

ಫ್ಯಾನು ಕಿರ್ ಕಿರ್ ಅಂತಿತ್ತು. ಹುಡುಗ ಇನ್ನೂ ಮಿರ್ಚಿಗೆ ಅಳಾಕತ್ತಿದ್ದ. ಕಾಕಾ ನನ್ನ ಮೀಸಿ ನೋಡಿದ. ಅವ್ವನ್ನ ನೋಡಿದ. ಮೊಬೈಲ್ ಬ್ಯಾಟರಿ ಆರಿಸಿದ. “ಅಂದ್ರ ಗುಟ್ಕಾ ಇಲ್ಲ” ಅಂದ.

“ಇಲ್ರಿ.”

“ಮನ್ಯಾಗ ಮಾತಾಡಿ ಹೇಳಿ ಕಳಸ್ತೀವಿ.” ಎದ್ದ.

ಹೋಗುಮುಂದ ಹುಡುಗ ನನ್ನ ಹಂತೇಲಿ ಬಂದು ಮೊದಲನೇ ಸಲ ಬಾಯಿ ಬಿಟ್ಟ. “ಅಣ್ಣಾ, ಸ್ವಲ್ಪ ನೀರು ಕೊಡ್ರಿ.” ಎರಡು ಚೆಂಬು ಕುಡದ.

ಅವರು ಹೋದ ಮ್ಯಾಲ ಅವ್ವ ಅಡಿಗಿಮನ್ಯಾಗ ಹೋಗಿ ಗ್ವಾಡಿ ಕಡೆ ಮಾರಿ ಮಾಡಿ ನಿಂತ್ಲು. ಹೆಗಲು ಅಲುಗಾಡಾಕತ್ತಿದ್ವು. ಅಳಾಕತ್ತಾಳ ಅಂತ ಹಿಂದ ಹೋದೆ. ಹೋಗಿ ನೋಡಿದ್ರ ನಗಾಕತ್ತಾಳ, ಕೈ ಬಾಯಿ ಮ್ಯಾಲ.

“ಏನಬೇ ಯವ್ವಾ?”

“ಪುಣ್ಯಾ ಮಾಡಿದ್ದೆ. ನನ್ನ ಬಾಯಾಗ ಬ್ಯಾಟರಿ ಬಿಡಲಿಲ್ಲ ಅಂವ.”

ಕೈ ಹಿಡದು ಜಗ್ಗಿದೆ. ಇಷ್ಟು ವರ್ಷದಾಗ ಅವ್ವನ ಹಲ್ಲು ಪೂರ್ತಿ ನೋಡಿದ್ದು ಅವತ್ತ. ಕರ್ರಗ. ತಂಬಾಕಿನ ಪುಡಿ! ದಿನಾ ಮುಂಜಾನಿ ಹಿತ್ತಲದಾಗ ಕುಂತು ತಿಕ್ತಿದ್ಲು, ನಮಗ ಇದ್ದಲಿ ಪುಡಿ ಅಂತ ಹೇಳ್ತಿದ್ಲು.

“ನಿನ್ನ ಹಲ್ಲಿಗೆ ನೀ ಮುಚ್ಚಿಕೊಂಡಿ, ಸರಿ. ನಮಗ್ಯಾಕ ಕಲಿಸಿದಿ?”

“ನಾ ಒಬ್ಬಾಕೀನ ಮುಚ್ಚಿಕೊಂಡ್ರ ಮಂದಿಗೆ ಸಂಶೆ ಬರ್ತದಲ್ಲೋ. ಮೂರೂ ಮಂದಿ ಮುಚ್ಚಿಕೊಂಡ್ರ ಇದು ಈ ಮನಿ ರಿವಾಜು ಅಂತಾರ.”

ನಾನು ಅದನ್ನ ಹೆಣ್ತನ ಅಂತ ತಿಳದಿದ್ದೆ. ಅದಕ್ಕ ಅಂಜಿ ತಿಂಗಳಗಟ್ಟಲೆ ಹುಬ್ಬು ಗಂಟು ಹಾಕಿ, ಇಲ್ಲದ ಮೂಲವ್ಯಾಧಿಗೆ ಮೂಲಂಗಿ ತಿಂದಿದ್ದೆ. ನೋಡಿದ್ರ ತಂಬಾಕು.

ಐದನೇ ದಿನಕ್ಕ ಸಿರವಾರದಿಂದ ಹೂಂ ಅಂತ ಫೋನ್ ಬಂತು. ಅವ್ವ ಕಾಕಾನ ಬ್ಯಾಟರಿ ಅಂಜಿಕಿಗೆ ತಂಬಾಕಿನ ಡಬ್ಬಿ ಒಗದ್ಲು. ಎರಡು ದಿನಕ್ಕ ಇನ್ನೊಂದು ತಂದ್ಲು. ಮದುವಿ ಆಗೂದ್ರಾಗ ಬಿಟ್ಲು, ಈಗ ಬಡೇಸೋಂಪು ಕಾಳು ತಿಂತಾಳ. ಮಲ್ಲಿ ಅರಾಮದಾಳ. ಅಳಿಯ ಬಂದ್ರ ಮಿರ್ಚಿ ಮುಟ್ಟಂಗಿಲ್ಲ.

ನಾನು ಈಗ ನಗು ಬಂದ್ರ ನಗ್ತೀನಿ, ಬರಲಿಲ್ಲಂದ್ರ ಇಲ್ಲ. ಕೈ ಒಮ್ಮೊಮ್ಮೆ ಇನ್ನೂ ಏಳ್ತದ. ಏಳ್ಲಿ ಬಿಡ್ರಿ. ನೋಡಿದೋರು “ಗುಟ್ಕಾ ಏನೋ?” ಅಂತಾರ.

“ಇಲ್ಲ, ನಮ್ಮವ್ವ” ಅಂತೀನಿ.

ಇಷ್ಟ. ಇದರ ಮ್ಯಾಲ ಹೇಳಾಕ ನನ್ನ ಹಂತೇಲಿ ಏನಿಲ್ಲ.