ಸಂಬಳವಿಲ್ಲದೆ ದುಡಿಯಲು ಬಂದ ಹುಡುಗಿ

ಪುಕ್ಕಟೆ ದುಡಿಯಲಿಕ್ಕೆ ಸಮುದ್ರ ದಾಟಿ ಬಂದವಳನ್ನು ಯಾರು ನಂಬುತ್ತಾರೆ? ನಾನಂತೂ ನಂಬಲಿಲ್ಲ. ಆಗಿನ್ನೂ ಮೈಸೂರು ರಾಜ್ಯ. ಶಹಾಬಾದದಲ್ಲಿ ಕಲ್ಲಿನ ಖಣಿಯ ಕೂಲಿಕಾರರ ಮಕ್ಕಳಿಗೆ ಒಂದು ಸಂಘದವರು ಬಾಲವಾಡಿ ನಡೆಸುತ್ತಿದ್ದರು. ಅಲ್ಲಿ ಸೇವೆ ಮಾಡಲು ವಿಲಾಯತಿಯಿಂದ ಬಂದ ಹುಡುಗಿಗೆ ಸಂಘದ ಸೆಕ್ರೆಟರಿ ನಮ್ಮ ಹೊರಗಿನ ಖೋಲಿ ಕೇಳಿದರು. ಕೊಟ್ಟೆ, ಆದರೆ ಅವಳ ಮೇಲೆ ಒಂದು ಕಣ್ಣಿಟ್ಟೆ. ಏನೋ ಮಾಡಿಕೊಂಡು ಓಡಿ ಬಂದಿರಬೇಕು, ಇಲ್ಲವೇ ನಮ್ಮ ಮಕ್ಕಳನ್ನು ತನ್ನ ದೇವರ ಕಡೆ ಎಳೆಯಲು ಬಂದಿರಬೇಕು ಅಂದುಕೊಂಡೆ.

ಬಾಲವಾಡಿ ಮಧ್ಯಾಹ್ನಕ್ಕೆ ಮುಗಿಯುತ್ತಿತ್ತು. ಅವಳು ಅಲ್ಲಿಂದ ಸೆಕ್ರೆಟರಿ ಮನೆಗೆ ಹೋದರೆ ಬರುವುದು ದೀಪ ಹಚ್ಚುವ ಹೊತ್ತಿಗೆ. ಭಾನುವಾರವೂ ಅಷ್ಟೇ. ನಳದ ಹತ್ತಿರ ಹೆಂಗಸರು ಇಬ್ಬರ ಹೆಸರು ಸೇರಿಸಿ ಮಾತಾಡತೊಡಗಿದರು. ನನ್ನ ನೆಗೆಣ್ಣಿ ಬಂದು, "ಅಕ್ಕಾ, ಆಕಿ ಇರೂದು ನಿನ್ನ ಮನ್ಯಾಗ. ನಿನ್ನ ಹೆಸರೂ ಕೆಡ್ತದ ನೋಡು" ಅಂದಳು.

ಅವತ್ತು ಹುಡುಗಿ ಊಟಕ್ಕೆ ಕೂತಾಗ ಅವಳ ಕೈ ನೋಡಿದೆ. ಖಾರ ಕುಟ್ಟಿ ಬೆರಳೆಲ್ಲ ಕೆಂಪಾಗಿದ್ದವು. ಎಲ್ಲಿ ಹೋಗುತ್ತಿ ಎಂದು ನೇರವಾಗಿಯೇ ಕೇಳಿದೆ. ಅರೆಬರೆ ಕನ್ನಡದಲ್ಲಿ ಹೇಳಿದಳು: ಸೆಕ್ರೆಟರಿ ಮನೆಯ ಬಟ್ಟೆ ಒಗೆಯುವುದು, ಖಾರ ಕುಟ್ಟುವುದು, ಅವರ ಮಕ್ಕಳಿಗೆ ಇಂಗ್ಲಿಷ್ ಕಲಿಸುವುದು. ಹೊರಗಿನಿಂದ ಬಂದವರು ಹಿರಿಯರ ಮನೆಯ ಕೆಲಸ ಮಾಡುವುದು ನಮ್ಮ ಪದ್ಧತಿ ಎಂದು ಆತ ಹೇಳಿದ್ದನಂತೆ.

"ಅಂಥಾ ಪದ್ಧತಿ ಯಾರ ಮನ್ಯಾಗೂ ಇಲ್ಲ," ಅಂದೆ.

ವರ್ಷದ ಆಳು ಇಡುವಾಗ ನಮ್ಮಲ್ಲಿ ಯುಗಾದಿಗೆ ನಾಲ್ಕು ಜನರೆದುರು ಮಾತಾಗುತ್ತದೆ. ಕಂಬಳಿ ಯಾರು ಕೊಡಬೇಕು, ಬೇನೆ ಬಿದ್ದರೆ ಯಾರು ನೋಡಬೇಕು, ಎಲ್ಲ. ಹೊಲದ ಆಳಿಗೆ ಸೀರೆ ಒಗೆ ಅಂದರೆ ಅವತ್ತೇ ಎದ್ದು ಹೋಗುತ್ತಾನೆ. ನಿನಗೇನು ಮಾತಾಗಿದೆ ಎಂದೆ. ತನ್ನ ಕರಾರಿನ ಕಾಗದ ತೆಗೆದು ಓದಿ ಹೇಳಿದಳು: ಬಾಲವಾಡಿ ಕೆಲಸವಷ್ಟೇ, ವಾರಕ್ಕೊಂದು ರಜೆ, ಬೇಡವಾದರೆ ಯಾವಾಗ ಬೇಕಾದರೂ ತನ್ನ ದೇಶಕ್ಕೆ ಹೋಗಬಹುದು. ಆದರೆ ಹೋಗುವುದು ಹೇಗೆ? ಕಳೆದುಹೋದೀತು ಎಂದು ಹೇಳಿ ಪಾಸ್‌ಪೋರ್ಟ್ ಸೆಕ್ರೆಟರಿಯೇ ಇಟ್ಟುಕೊಂಡಿದ್ದ. ಎರಡು ಸಲ ಕೇಳಿದರೂ ಕೊಟ್ಟಿರಲಿಲ್ಲ.

ಮರುದಿನ ಅವಳನ್ನು ಕರೆದುಕೊಂಡು ಅವನ ಮನೆಗೆ ಹೋದೆ. "ಬರ್ರಿ ಅಕ್ಕಾರ, ಕುಂದ್ರಿ, ಚಹಾ ಮಾಡಸ್ತೀನಿ" ಅಂದ.

"ಚಹಾ ಬ್ಯಾಡ. ಆಕಿ ಪಾಸ್‌ಪೋರ್ಟ್ ಕೊಡ್ರಿ."

ಇದು ಸಂಘದ ಕಾನೂನು, ನಿಮಗೆ ತಿಳಿಯುವುದಿಲ್ಲ ಎಂದು ನಕ್ಕ.

"ಖರೇನರಿ, ನನಗ ಓದಾಕ ಬರಂಗಿಲ್ಲ. ಆದ್ರ ನಳದ ಹತ್ರ ಹೆಣ್ಮಕ್ಕಳು ನಿಮ್ಮ ಹೆಸರು ತಗೊಂಡು ಏನು ಅನ್ನಾಕತ್ತಾರ, ಅದು ಗೊತ್ತದ. ಹೇಳ್ಲೇನು? ನಿಮ್ಮ ಹೆಂಡ್ತಿ ಬಾಗಲ ಹಿಂದೇ ನಿಂತಾರ."

ನಗು ನಿಂತಿತು. ಒಳಗೆ ಹೋಗಿ ಪಾಸ್‌ಪೋರ್ಟ್ ತಂದ. ಹುಡುಗಿ ಅವನೆದುರಿಗೇ ಒಂದೊಂದೇ ಹಾಳೆ ತಿರುವಿ ನೋಡಿಕೊಂಡಳು. ಅದು ನನಗೆ ಹಿಡಿಸಿತು.

ಇನ್ನು ದೇಶಕ್ಕೆ ಹೋಗುತ್ತಾಳೆ ಅಂದುಕೊಂಡೆ. ಹೋಗಲಿಲ್ಲ. ಬಾಲವಾಡಿಗೆ ಮಾತ್ರ ಹೋಗುತ್ತೇನೆ ಅಂದಳು. ಆಮೇಲೆ ಪಾಸ್‌ಪೋರ್ಟನ್ನು ನನ್ನ ಮುಂದೆ ಹಿಡಿದು, ನಿಮ್ಮ ಟ್ರಂಕಿನಲ್ಲಿ ಇಡಿ ಎಂದಳು.

"ನಿಂದು ನಿನ್ನ ಹತ್ರಾನೇ ಇರ್ಲಿ. ನನ್ನೂ ನಂಬಬ್ಯಾಡ," ಅಂದೆ. ಸಂತೆಯಿಂದ ಅವಳ ಪೆಟ್ಟಿಗೆಗೆ ಒಂದು ಬೀಗ ತರಿಸಿ, ಎರಡೂ ಕೀಲಿ ಅವಳ ಕೈಗೇ ಕೊಟ್ಟೆ.